ಕೆಲಸ ಹೋದವರಿಗೆ ಇ.ಎಸ್.ಐ. ಕೊಡುವ ಮೂರು ತಿಂಗಳ ದುಡ್ಡು: ಕೊಡೆ ಹೊಲಿಯುತ್ತಿದ್ದವಳ ಅನುಭವ

ಮೊದಲೇ ಮಾರ್ಕ್ಸ್ ಹೇಳಿಬಿಡುತ್ತೇನೆ. ಐದಕ್ಕೆ ಎರಡೂವರೆ. ದುಡ್ಡು ಬಂತು, ಅದಕ್ಕೆ ಎರಡು. ಕೌಂಟರಿನಲ್ಲಿದ್ದ ಒಬ್ಬ ಮೇಡಂ ನನ್ನನ್ನು ಕೂರಿಸಿ, ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿ ಲೆಕ್ಕ ತೋರಿಸಿದರು, ಅದಕ್ಕೆ ಅರ್ಧ. ಉಳಿದಿದ್ದು ಯಾಕೆ ಕೊಡಲಿಲ್ಲ ಅಂತ ಹೇಳೋಕೆ ಇಷ್ಟುದ್ದ ಬರೆಯುತ್ತಿದ್ದೇನೆ.

ಯೋಜನೆಯ ಪೂರ್ತಿ ಹೆಸರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ನಮ್ಮ ಫ್ಯಾಕ್ಟರಿಯಲ್ಲಿ ಯಾರ ಬಾಯಿಗೂ ಅದು ಬರಲಿಲ್ಲ. ಎಲ್ಲರೂ 'ಮೂರು ತಿಂಗಳ ದುಡ್ಡು' ಅಂತಲೇ ಕರೆದೆವು. ಇ.ಎಸ್.ಐ., ಅಂದರೆ ಕೆಲಸಗಾರರ ವಿಮೆ, ಕಟ್ಟುತ್ತಿದ್ದವರ ಕೆಲಸ ಹೋದರೆ, ಜೀವನದಲ್ಲಿ 90 ದಿನದ ಮಟ್ಟಿಗೆ, ಸರಾಸರಿ ಕೂಲಿಯ ಒಂದು ಪಾಲು ಕೊಡುತ್ತಾರೆ. 2018 ರ ಜುಲೈ 1 ರಂದು ಶುರುವಾದಾಗ ಆ ಪಾಲು ಕಾಲು ಭಾಗ ಮಾತ್ರ ಇತ್ತು. ಕೊರೊನಾ ವರ್ಷದಲ್ಲಿ ಅರ್ಧಕ್ಕೆ ಏರಿಸಿದರು. ಆಗಲೇ ಇನ್ನೊಂದು ಒಳ್ಳೆಯ ಬದಲಾವಣೆಯೂ ಆಯಿತು. ಮೊದಲು ಕೆಲಸ ಹೋಗಿ 90 ದಿನ ಕಾಯಬೇಕಿತ್ತು, ಈಗ 30 ದಿನ ಸಾಕು. ಅರ್ಜಿಯನ್ನು ಓನರ್ ಕೈಯಿಂದ ಕಳಿಸಬೇಕಾಗಿಲ್ಲ, ನಾವೇ ಹಾಕಬಹುದು. ಓನರ್ ಹತ್ತಿರ ಮತ್ತೆ ಕೈಕಟ್ಟಿ ನಿಲ್ಲೋದು ತಪ್ಪಿತು ಅಂದರೆ ಸಣ್ಣ ವಿಷಯ ಅಲ್ಲ.

ನಾನು ಸುಂಟಿಕೊಪ್ಪದ ಹತ್ತಿರದವಳು. ಕುಶಾಲನಗರದ ಆಚೆ ಒಂದು ಶೆಡ್ಡಿನಲ್ಲಿ ಕೊಡೆ ಮಾಡುವ ಸಣ್ಣ ಫ್ಯಾಕ್ಟರಿ ಇತ್ತು. ಹೆಸರು ಬೇಡ. 2017 ರ ಜುಲೈಯಲ್ಲಿ, ಧೋ ಅಂತ ಮಳೆ ಸುರಿಯುತ್ತಿದ್ದ ದಿನ ಸೇರಿದೆ. ಕೊಡಗಿನಲ್ಲಿ ಕೊಡೆ ಫ್ಯಾಕ್ಟರಿಗೆ ಕೆಲಸದ ಬರ ಬರುತ್ತದಾ ಅಂತ ನಮ್ಮೆಜಮಾನ್ರು ನಕ್ಕಿದ್ದರು.

ಕೊಡೆ ಅಂದರೆ ಎಂಟು ತ್ರಿಕೋನದ ಬಟ್ಟೆ ತುಂಡು. ಎಂಟನ್ನೂ ಮಿಷನ್ನಿನಲ್ಲಿ ಜೋಡಿಸಿದರೆ ಮೇಲಿನ ಹೊದಿಕೆ ಆಯಿತು. ಅದನ್ನು ಕಡ್ಡಿಗಳ ಮೇಲೆ ಬಿಡಿಸಿ ಎಳೆದು, ಪ್ರತಿ ಕಡ್ಡಿಯ ತುದಿಯಲ್ಲಿರುವ ತೂತಿಗೆ ಸೂಜಿದಾರ ಹಾಕಿ ಕೈಯಲ್ಲೇ ಹೊಲಿಯಬೇಕು. ಒಂದು ತುದಿಗೆ ಮೂರು ಸುತ್ತು, ಆಮೇಲೆ ಗಂಟು. ಸಡಿಲ ಬಿಟ್ಟರೆ ಗಾಳಿಗೆ ಬಟ್ಟೆ ಕಿತ್ತು ಬರುತ್ತದೆ. ಜಾಸ್ತಿ ಬಿಗಿದರೆ ಕೊಡೆ ಮಡಚುವಾಗ ಮೂಲೆ ಹರಿಯುತ್ತದೆ. ಈ ಮೂರು ಸುತ್ತು ನನ್ನ ಕೆಲಸ. ದಿನಕ್ಕೆ ಎಪ್ಪತ್ತು ಕೊಡೆ ಮುಗಿಸುತ್ತಿದ್ದೆ. ಎಡಗೈ ಹೆಬ್ಬೆರಳಿನ ಪಕ್ಕದಲ್ಲಿ ಸೂಜಿ ಕುತ್ತಿ ಕುತ್ತಿ ಆದ ಕಪ್ಪು ಚುಕ್ಕಿ ಇನ್ನೂ ಇದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಕಡ್ಡಿ, ಸ್ಪ್ರಿಂಗು, ಹಿಡಿ ನಮಗೂ ಚೀನಾದಿಂದಲೇ ಬರುತ್ತಿತ್ತು. ಬಟ್ಟೆ ಕತ್ತರಿಸೋದು, ಹೊಲಿಯೋದು, ಜೋಡಿಸೋದು ಮಾತ್ರ ನಮ್ಮದು. ಹಾಗಾಗಿ ಪೂರ್ತಿ ತಯಾರಾದ ಕೊಡೆ ಅಲ್ಲಿಂದಲೇ ಬರೋಕೆ ಶುರುವಾದಾಗ ನಮ್ಮ ಹತ್ತಿರ ಉಳಿದಿದ್ದು ಆ ಮೂರು ಸುತ್ತು ದಾರ ಅಷ್ಟೇ. ನಮ್ಮ ಮೂರು ಮಡಿಕೆಯ ಕೊಡೆ ಅಂಗಡಿಗೆ 240 ಕ್ಕೆ ಹೋದರೆ, ಅದೇ ಅಂಗಡಿಯ ಪಕ್ಕದ ಕಂಬಿಯಲ್ಲಿ ಹೊರಗಿನದು ಗಿರಾಕಿಗೇ 190 ಕ್ಕೆ ನೇತಾಡುತ್ತಿತ್ತು. ಬಣ್ಣವೂ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

2022 ರ ಕೇಂದ್ರ ಬಜೆಟ್ಟಿನಲ್ಲಿ ಹೊರಗಿಂದ ಬರುವ ಕೊಡೆಯ ಸುಂಕವನ್ನು ಶೇ. 20 ಕ್ಕೆ ಏರಿಸಿದರು. ಅವತ್ತು ಓನರ್ ಎಲ್ಲರಿಗೂ ಲಾಡು ಕೊಡಿಸಿದರು. ಎರಡು ದಿನ ಬಿಟ್ಟು ಮುಖ ಸಪ್ಪೆ ಮಾಡಿಕೊಂಡು ಬಂದರು. ಅದೇ ಬಜೆಟ್ಟಿನಲ್ಲಿ ಕೊಡೆಯ ಬಿಡಿಭಾಗಗಳಿಗಿದ್ದ ವಿನಾಯಿತಿಯನ್ನೂ ತೆಗೆದುಹಾಕಿದ್ದರು. ಒಂದು ಕೈಯಲ್ಲಿ ಕೊಟ್ಟಿದ್ದು ಇನ್ನೊಂದು ಕೈಯಲ್ಲಿ ಹೋಯಿತು. ಇದು ಸರಿಯೋ ತಪ್ಪೋ ನಾನು ಹೇಳಲ್ಲ. ಇಲ್ಲೇ ಕಡ್ಡಿ ಮಾಡುವವರು ಬೆಳೆಯಲಿ ಅಂತ ಇರಬಹುದು. ನಮ್ಮ ಲಾಡು ಮಾತ್ರ ಎರಡೇ ದಿನದ್ದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಫ್ಯಾಕ್ಟರಿ ಒಂದೇ ದಿನ ಸಾಯೋದಿಲ್ಲ. ಹೊರಗಿನ ಮಾಲು ಬಂದು ಮುಚ್ಚುವ ಫ್ಯಾಕ್ಟರಿ ಅಂತೂ ಕ್ಷಯದವರ ಥರ ಒಣಗುತ್ತಾ ಹೋಗುತ್ತದೆ. ಮೊದಲು ಓವರ್‌ಟೈಮ್ ನಿಂತಿತು. ಆಮೇಲೆ ಶನಿವಾರ ಬರಬೇಡಿ ಅಂದರು. ಆಮೇಲೆ ವಾರಕ್ಕೆ ನಾಲ್ಕು ದಿನ. 2023 ರ ಅಕ್ಟೋಬರಿನಿಂದ ವಾರಕ್ಕೆ ಮೂರೇ ದಿನ ಕೆಲಸ. 46 ಜನ ಇದ್ದವರು 34 ಆಗಿದ್ದೆವು. ಆ ಚಳಿಗಾಲದಲ್ಲಿ ಇನ್ನೂ ಹನ್ನೊಂದು ಜನ ಒಬ್ಬೊಬ್ಬರಾಗಿ ಬಿಟ್ಟರು. ಅವರನ್ನು ಯಾರೂ ತೆಗೆಯಲಿಲ್ಲ. ಒಳಗೆ ಕರೆದು ಒಂದು ಟೈಪ್ ಮಾಡಿದ ಕಾಗದ ಕೊಟ್ಟು, ಇಲ್ಲಿ ಸಹಿ ಹಾಕಿದರೆ ಲೆಕ್ಕ ಬೇಗ ಆಗುತ್ತದೆ ಅಂದರು. ಕಾಗದದಲ್ಲಿ ಇದ್ದಿದ್ದು ಇಷ್ಟೇ: 'ನನ್ನ ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ.'

ಯೋಜನೆಗೆ ಈ ಒಣಗೋದು ಕಾಣೋದೇ ಇಲ್ಲ. ಅದರ ಲೆಕ್ಕದಲ್ಲಿ ಕೆಲಸ ನಿನ್ನೆ ಇತ್ತು, ಇವತ್ತು ಇಲ್ಲ, ಅಷ್ಟೇ. ಕೊನೆಯ ಆರು ತಿಂಗಳು ಅರ್ಧ ಸಂಬಳದಲ್ಲಿ ಕಾದು ಕೂತವರಿಗೆ ಇದರಿಂದ ಎರಡು ಕಡೆ ಪೆಟ್ಟು ಬೀಳುತ್ತದೆ.

ಮೊದಲನೇದು ದಿನದ ಲೆಕ್ಕ. ಇ.ಎಸ್.ಐ.ಯವರಿಗೆ ವರ್ಷ ಎರಡು ತುಂಡು. ಏಪ್ರಿಲಿನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರಿನಿಂದ ಮಾರ್ಚ್ ಇನ್ನೊಂದು. ಒಟ್ಟು ಎರಡು ವರ್ಷ ವಿಮೆಯಲ್ಲಿರಬೇಕು. ಅದರ ಜೊತೆಗೆ ಕೆಲಸ ಹೋಗುವುದಕ್ಕೆ ತಕ್ಷಣ ಹಿಂದಿನ ತುಂಡಿನಲ್ಲಿ ಕಡಿಮೆಯೆಂದರೆ 78 ದಿನದ ಕೂಲಿಗೆ ದುಡ್ಡು ಕಟ್ಟಿರಬೇಕು. ಅದಕ್ಕೂ ಹಿಂದಿನ ಮೂರು ತುಂಡಿನಲ್ಲಿ ಯಾವುದಾದರೂ ಒಂದರಲ್ಲಿ ಇನ್ನೊಂದು 78. ಆರು ತಿಂಗಳಿಗೆ 78 ಅಂದರೆ ತಿಂಗಳಿಗೆ ಹದಿಮೂರು ದಿನ. ಪೂರ್ತಿ ನಡೆಯುವ ಫ್ಯಾಕ್ಟರಿಯಲ್ಲಿ ಇದು ಒಂದು ಲೆಕ್ಕವೇ ಅಲ್ಲ. ವಾರಕ್ಕೆ ಮೂರು ದಿನ ನಡೆಯುವ ಕಡೆ ಇದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ನನ್ನ ಕೊನೆಯ ಆರು ತಿಂಗಳು ಹೀಗಿತ್ತು: 13, 12, 14, 13, 15, 14. ಒಟ್ಟು 81. ಮೂರೇ ದಿನದಲ್ಲಿ ಪಾರಾದೆ.

ನನ್ನ ಎದುರು ಬೆಂಚಿನ ಅಕ್ಕನದು 76. ಜನವರಿಯಲ್ಲಿ ಮಗಳ ಬಾಣಂತನಕ್ಕೆ ಐದು ದಿನ ರಜೆ ಹಾಕಿದ್ದರು. ನನಗಿಂತ ನಾಲ್ಕು ವರ್ಷ ಹಿರಿಯರು ಅವರು, ಸೂಜಿಗೆ ದಾರ ಪೋಣಿಸೋದನ್ನೂ ನನಗೆ ಅವರೇ ಕಲಿಸಿದ್ದು. ಅವರಿಗೆ ಒಂದು ರೂಪಾಯಿ ಬರಲಿಲ್ಲ. ಮೊಮ್ಮಗುವಿಗೆ ಈಗಲೂ ತಮಾಷೆಗೆ 'ಹದಿನೈದು ಸಾವಿರದ ರಾಜ' ಅಂತ ಕರೆಯುತ್ತಾರೆ. ನಗುತ್ತಲೇ ಕರೆಯುತ್ತಾರೆ. ನನಗೆ ಮಾತ್ರ ನಗು ಬರಲ್ಲ.

ಎರಡನೇದು ದುಡ್ಡಿನ ಲೆಕ್ಕ. ನಮ್ಮ ದಿನಗೂಲಿ 480 ಇತ್ತು. ಅದರ ಅರ್ಧ 240 ಬರುತ್ತದೆ ಅಂತ ನಾನು ಮನಸ್ಸಲ್ಲೇ ಅಂದುಕೊಂಡಿದ್ದೆ. ಕೌಂಟರಿನ ಮೇಡಂ ತಲೆ ಅಲ್ಲಾಡಿಸಿದರು. 'ಹಾಗಲ್ಲಮ್ಮ, ಹಿಂದಿನ ಎರಡು ವರ್ಷದ ಒಟ್ಟು ಕೂಲಿಯನ್ನ 730 ರಿಂದ ಭಾಗಿಸ್ತಾರೆ' ಅಂದರು. 730 ಅಂದರೆ ಭಾನುವಾರ, ಹಬ್ಬ, ಕೆಲಸ ಕೊಡದ ದಿನ, ಎಲ್ಲಾ ಸೇರಿ. ನನ್ನ ಎರಡು ವರ್ಷದ ಒಟ್ಟು 2,45,280 ರೂಪಾಯಿ. ಭಾಗಿಸಿದರೆ 336. ಅದರ ಅರ್ಧ 168. ತೊಂಬತ್ತು ದಿನಕ್ಕೆ 15,120. ಕೊನೆಯ ಆರು ತಿಂಗಳೂ ಪೂರ್ತಿ ಕೆಲಸ ಇದ್ದಿದ್ದರೆ ಸುಮಾರು 17,340 ಬರುತ್ತಿತ್ತು. ಅಂದರೆ ಫ್ಯಾಕ್ಟರಿ ಬಿದ್ದದ್ದಕ್ಕೆ ಕೊಡುವ ದುಡ್ಡಿನಿಂದಲೇ, ಫ್ಯಾಕ್ಟರಿ ಬೀಳುತ್ತಿದ್ದ ಕಾಲದ ನಷ್ಟವನ್ನೂ ಮುರಿದುಕೊಂಡ ಹಾಗಾಯಿತು. ಅರ್ಧ ಮಾರ್ಕು ಇಲ್ಲೇ ಹೋಯಿತು.

ಕೊನೆಯ ದಿನ 2024 ರ ಮಾರ್ಚ್ 30, ಶನಿವಾರ. ಮಳೆಗಾಲದ ಆರ್ಡರ್ ಬರಬೇಕಾದ ಹೊತ್ತಲ್ಲಿ ಮುಚ್ಚಿದರು. ಉಳಿದ 23 ಜನರಿಗೂ ಅದೇ ಟೈಪ್ ಮಾಡಿದ ಕಾಗದ. ಎದುರು ಬೆಂಚಿನ ಅಕ್ಕನೇ ಮೊದಲು ಬಾಯಿ ಬಿಟ್ಟಿದ್ದು. 'ಸಾರ್, ನಾವು ಬಿಡ್ತಾ ಇಲ್ಲ. ನೀವು ಬಿಡಿಸ್ತಾ ಇದ್ದೀರಿ. ಹಾಗೇ ಬರೆದುಕೊಡಿ' ಅಂದರು. ಮ್ಯಾನೇಜರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಓನರಿಗೆ ಫೋನ್ ಮಾಡಿ, ಅರ್ಧ ಗಂಟೆ ಆದ ಮೇಲೆ ಬೇರೆ ಕಾಗದ ತಂದರು. ಅದರಲ್ಲಿ 'ಆರ್ಡರ್ ಇಲ್ಲದ ಕಾರಣ ಕೆಲಸದಿಂದ ಬಿಡುಗಡೆ ಮಾಡಲಾಗಿದೆ' ಅಂತ ಇತ್ತು. ನಾವು ಗೆದ್ದೆವು ಅಂದುಕೊಂಡು, ಬಸ್‌ಸ್ಟ್ಯಾಂಡ್ ಹತ್ತಿರ ಕಬ್ಬಿನ ಹಾಲು ಕುಡಿದು ಮನೆಗೆ ಹೋದೆವು.

ಅರ್ಧವೇ ಗೆದ್ದಿದ್ದು ಅಂತ ಆಮೇಲೆ ಗೊತ್ತಾಯಿತು. ಇ.ಎಸ್.ಐ.ಯಲ್ಲಿ ಕೆಲಸ ಹೋದವರಿಗೆ ಎರಡು ಬಾಗಿಲು ಇವೆ. ಒಂದು ನಾನು ಹೇಳಿದ ಮೂರು ತಿಂಗಳದ್ದು. ಇನ್ನೊಂದು ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ, 2005 ರ ಏಪ್ರಿಲಿನಿಂದ ಇದೆ. ಕಾನೂನಿನ ಪ್ರಕಾರ ಫ್ಯಾಕ್ಟರಿ ಮುಚ್ಚಿದರೆ, ಇಲ್ಲವೇ ಜನ ಜಾಸ್ತಿ ಆದರು ಅಂತ ಕಡಿತ ಮಾಡಿದರೆ ಅದು ಸಿಗುತ್ತದೆ. ಅದು 24 ತಿಂಗಳದ್ದು. ಮೊದಲ ವರ್ಷ ಕೂಲಿಯ ಅರ್ಧ, ಎರಡನೇ ವರ್ಷ ಕಾಲು ಭಾಗ. ಮೂರು ತಿಂಗಳೆಲ್ಲಿ, ಎರಡು ವರ್ಷ ಎಲ್ಲಿ! ಆದರೆ ಆ ಬಾಗಿಲಿಗೆ ಬೀಗದ ಕೈ ಓನರ್ ಹತ್ತಿರ. ಮುಚ್ಚಿದೆ ಅಂತಲೋ, ಕಡಿತ ಅಂತಲೋ ಕಾಗದ ಬೇಕು. ನಮ್ಮ ಕಾಗದದಲ್ಲಿ ಇದ್ದಿದ್ದು 'ಬಿಡುಗಡೆ'. ಮತ್ತೆ ನಮ್ಮ ಫ್ಯಾಕ್ಟರಿ ಕಾಗದದ ಮೇಲೆ ಮುಚ್ಚಿಯೂ ಇರಲಿಲ್ಲ. ಲೈಸೆನ್ಸ್ ಹಾಗೇ ಇಟ್ಟುಕೊಂಡಿದ್ದರು. ಮೇ ತಿಂಗಳಲ್ಲಿ ಒಂದು ದಿನ ಬಸ್ಸಿನಿಂದ ನೋಡಿದೆ. ಶೆಡ್ಡಿನ ಬಾಗಿಲು ತೆಗೆದಿತ್ತು, ಲಾರಿಯಿಂದ ಡಬ್ಬಗಳನ್ನು ಇಳಿಸುತ್ತಿದ್ದರು. ಅದೇ ಹೊರಗಿನ ಕೊಡೆಗಳು. ನಮ್ಮ ಬೆಂಚುಗಳನ್ನು ಗೋಡೆಗೆ ಒರಗಿಸಿ ಅದನ್ನೇ ಗೋಡೌನ್ ಮಾಡಿಕೊಂಡಿದ್ದರು.

ಓನರನ್ನು ಬೈಯೋಕೆ ನನಗೆ ಪೂರ್ತಿ ಮನಸ್ಸು ಬರಲ್ಲ. ಏಳು ವರ್ಷ ಏಳನೇ ತಾರೀಕು ದಾಟದೆ ಸಂಬಳ ಕೊಟ್ಟ ಮನುಷ್ಯ. ಆದರೆ ಒಂದು ಶಬ್ದ ಬೇರೆ ಬರೆದಿದ್ದರೆ ಅವರಿಗೆ ಏನು ಹೋಗುತ್ತಿತ್ತು ಅಂತ ಯೋಚಿಸಿ, ಆಮೇಲೆ ಉತ್ತರ ತಿಳಿದುಕೊಂಡೆ. ಮುಚ್ಚಿದೆ ಅಂದರೆ ವರ್ಷಕ್ಕೆ ಹದಿನೈದು ದಿನದ ಕೂಲಿಯಂತೆ ಪರಿಹಾರ ಕೊಡಬೇಕಾಗುತ್ತಿತ್ತು, ಗ್ರಾಚ್ಯುಟಿ ಬೇರೆ. ನಷ್ಟ ಆಗಿದೆ, ಮಾಲು ಮಾರಾಟ ಆಗದೆ ಉಳಿದಿದೆ ಅನ್ನುವ ಕಾರಣ ಕೊಟ್ಟು ಆ ಪರಿಹಾರವನ್ನು ಇಳಿಸೋಕೂ ಆಗುತ್ತಿರಲಿಲ್ಲ. ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಅದನ್ನು ಬಿಡಿಸಿ ಬರೆದಿತ್ತು. 50 ಜನಕ್ಕಿಂತ ಕಡಿಮೆ ಇದ್ದಿದ್ದರಿಂದ 60 ದಿನ ಮೊದಲು ಸರ್ಕಾರಕ್ಕೆ ತಿಳಿಸುವ ತಲೆನೋವೂ ಅವರಿಗೆ ಇರಲಿಲ್ಲ. ನಾವು ಲೇಬರ್ ಆಫೀಸಿಗೆ ಹೋಗಿ ಹಟ ಹಿಡಿಯಬೇಕಿತ್ತು. ಹಿಡಿಯಲಿಲ್ಲ. 23 ಜನರಲ್ಲಿ ಹದಿನಾರು ಜನಕ್ಕೆ ಆ ವಾರವೇ ಎಸ್ಟೇಟುಗಳಲ್ಲಿ ಕೆಲಸ ಸಿಕ್ಕಿತ್ತು. ಒಂದು ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ?

ಎಸ್ಟೇಟಿನ ವಿಷಯ ಬಂತಲ್ಲ, ಅದನ್ನು ಹೇಳಲೇಬೇಕು. ಈ ಯೋಜನೆ ಮಾಡಿದವರು ಕೊಡಗಿನ ಏಪ್ರಿಲ್ ನೋಡಿಲ್ಲ. ಕಾಳುಮೆಣಸು ಕುಯ್ಲಿನ ಕಾಲ ಅದು. ಗಂಡಸರು ಬಿದಿರೇಣಿ ಹಾಕಿ ಮರ ಹತ್ತಿದರೆ, ಕೆಳಗೆ ಗೊಂಚಲು ಆರಿಸೋಕೆ, ಕಾಳು ಬಿಡಿಸೋಕೆ, ಕಣದಲ್ಲಿ ಹರಡೋಕೆ ಹೆಂಗಸರು ಎಷ್ಟಿದ್ದರೂ ಸಾಲದು. ನಮ್ಮೆಜಮಾನ್ರು ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿರುವ ಎಸ್ಟೇಟಿನಲ್ಲೇ ದಿನಕ್ಕೆ 450 ಕ್ಕೆ ಕರೆದರು. ಆದರೆ ದುಡ್ಡು ಕೇಳುವ ಅಷ್ಟೂ ದಿನ ನಾವು ಕೆಲಸ ಇಲ್ಲದೆ ಇರಬೇಕು ಅನ್ನೋದು ಯೋಜನೆಯ ಷರತ್ತು. 168 ರೂಪಾಯಿ ಬೇಕಾದರೆ 450 ಬಿಡಬೇಕು. ಉದ್ಯೋಗ ಖಾತ್ರಿಯ ಕೂಲಿಯೇ ಆ ಏಪ್ರಿಲ್ 1 ರಿಂದ 349 ಆಗಿತ್ತು.

ನಮ್ಮತ್ತೆಗೆ ಇದು ಅರ್ಥವೇ ಆಗಲಿಲ್ಲ. 'ಮನೇಲಿ ಕೂತ್ರೆ ದುಡ್ಡು ಕೊಡ್ತಾರಂತೆ, ದುಡಿದ್ರೆ ಕಿತ್ಕೊಳ್ತಾರಂತೆ. ಇದ್ಯಾವ ಸೀಮೆ ಸರ್ಕಾರನೇ?' ಅಂದರು. ನನಗೆ ಆಗ ಸೊಂಟ ನೋವು ಜೋರಾಗಿತ್ತು, ಬಗ್ಗಿ ಆರಿಸುವ ಕೆಲಸ ಆಗುತ್ತಿರಲಿಲ್ಲ. ಅದಕ್ಕೇ ಕೂತೆ. ಇಲ್ಲದಿದ್ದರೆ ನಾನೂ ಮೆಣಸಿಗೇ ಹೋಗುತ್ತಿದ್ದೆ, ಈ ವಿಮರ್ಶೆಯೂ ಇರುತ್ತಿರಲಿಲ್ಲ. ಬೆಂಗಳೂರಿನಲ್ಲೋ ತಿರುಪ್ಪೂರಿನಲ್ಲೋ ಒಂದು ಫ್ಯಾಕ್ಟರಿ ಬಿಟ್ಟು ಇನ್ನೊಂದು ಹುಡುಕುವವರಿಗೆ ಈ ಷರತ್ತು ಸರಿ. ಸೀಸನ್ ನೋಡಿಕೊಂಡು ಬದುಕುವ ಊರಿಗೆ ಸರಿಹೋಗಲ್ಲ.

ಮೆಣಸಿನ ಮಾತು ಬಂದಾಗ ನನಗೆ ಇನ್ನೊಂದು ಯೋಚನೆಯೂ ಬಂತು. ವಿಯೆಟ್ನಾಂ ಮೆಣಸು ಶ್ರೀಲಂಕಾ ಮೇಲೆ ಸುತ್ತಿ ಬರುತ್ತಿದೆ ಅಂತ ಇಲ್ಲಿ ದೊಡ್ಡ ಗಲಾಟೆ ಆಗಿತ್ತಲ್ಲ, ಆಗ 2017 ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕೆ.ಜಿ.ಗೆ 500 ರೂಪಾಯಿಗಿಂತ ಕಡಿಮೆ ಬೆಲೆಗೆ ಮೆಣಸು ಆಮದು ಆಗಬಾರದು ಅಂತ ಕಟ್ಟು ಹಾಕಿತು. ಬೆಳೆಗಾರರಿಗೆ ಸಂಘ ಇದೆ, ಡೆಲ್ಲಿಗೆ ಹೋಗಿ ಕೂತು ಮಾತಾಡುವವರು ಇದ್ದಾರೆ. ತಪ್ಪೇನಿಲ್ಲ, ಮೆಣಸಿನ ಬೆಲೆ ಬೀಳದೆ ನಿಂತರೆ ನಮ್ಮೆಜಮಾನ್ರ ಸಂಬಳವೂ ಉಳಿಯುತ್ತದೆ. 34 ಜನ ಕೊಡೆ ಹೊಲಿಯುವವರ ಪರವಾಗಿ ಡೆಲ್ಲಿಗೆ ಯಾರು ಹೋಗಬೇಕು?

ಅರ್ಜಿಯ ಕಥೆ ಚಿಕ್ಕದಾಗಿ ಹೇಳುತ್ತೇನೆ. ನಮ್ಮ ಫ್ಯಾಕ್ಟರಿ ಸೇರಿದ ಇ.ಎಸ್.ಐ. ಬ್ರ್ಯಾಂಚ್ ಆಫೀಸಿಗೆ ನಾಲ್ಕು ಸಲ ಹೋದೆ. ಯಾವ ಊರಿನದು ಅಂತ ಬರೆಯಲ್ಲ. ಶಕ್ತಿ ಯೋಜನೆ ಇದ್ದಿದ್ದರಿಂದ ಬಸ್ಸಿಗೆ ದುಡ್ಡು ಹೋಗಲಿಲ್ಲ, ದಿನ ಹೋಯಿತು. ಮೊದಲ ಸಲ ಏಪ್ರಿಲಿನಲ್ಲಿ, ಎಲೆಕ್ಷನ್ ಡ್ಯೂಟಿಗೆ ಹೋಗಿದ್ದಾರೆ ಅಂದರು. ಎರಡನೇ ಸಲ ಮೇ ತಿಂಗಳಲ್ಲಿ, 30 ದಿನ ಕಳೆದ ಮೇಲೆ, ಸೈಬರ್ ಸೆಂಟರಿನಲ್ಲಿ 150 ಕೊಟ್ಟು ಆನ್‌ಲೈನ್ ಅರ್ಜಿ ತುಂಬಿಸಿ, ಅದರ ಪ್ರಿಂಟು, ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸ್ ಎಲ್ಲಾ ಹಿಡಿದುಕೊಂಡು ಹೋದೆ. ಇಸ್ಕೊಂಡರು. ಮೂರು ವಾರ ಬಿಟ್ಟು ವಾಪಸ್ ಬಂತು. ನನ್ನ ಬ್ಯಾಂಕು ಬೇರೆ ಬ್ಯಾಂಕಿನ ಜೊತೆ ಸೇರಿ ವರ್ಷಗಳೇ ಆಗಿತ್ತು. ಇ.ಎಸ್.ಐ. ದಾಖಲೆಯಲ್ಲಿ ಹಳೆಯ ಐ.ಎಫ್.ಎಸ್.ಸಿ. ಕೋಡೇ ಇತ್ತು. ಅರ್ಧ ತಪ್ಪು ನನ್ನದೇ, ನೋಡಿಕೊಳ್ಳಬೇಕಿತ್ತು.

ಮೂರನೇ ಸಲ ಸಿಕ್ಕಿದ್ದು ಆ ಒಳ್ಳೆಯ ಮೇಡಂ. ಮುಂದೆ ಬರುವ ದಿನಗಳಿಗೆ ಈಗಲೇ ಕೇಳುವ ಹಾಗಿಲ್ಲ, ಕಳೆದ ದಿನಗಳಿಗೆ ಮಾತ್ರ ಅಂತ ಬಿಡಿಸಿ ಹೇಳಿದರು. 'ಹೇಗೂ ತಡ ಆಗಿದೆ, 90 ದಿನ ತುಂಬಲಿ, ಒಟ್ಟಿಗೇ ಹಾಕಿಬಿಡಿ. ಪದೇಪದೇ ಬಸ್ಸು ಹತ್ತಬೇಡಿ' ಅಂದರು. ಬ್ಯಾಂಕಿನ ಕೋಡ್ ಅವರೇ ಸರಿಮಾಡಿದರು. ನನ್ನ ಹೆಸರಿನ ಮುಂದೆ ಆಧಾರಿನಲ್ಲಿ ಇನಿಷಿಯಲ್ ಇತ್ತು, ಇ.ಎಸ್.ಐ. ಕಾರ್ಡಿನಲ್ಲಿ ಇರಲಿಲ್ಲ. ಅದನ್ನೂ ಕೇಳದೇ ನೋಡಿ ಹೇಳಿದರು. ಇಂಥವರು ಎಲ್ಲಾ ಆಫೀಸಿನಲ್ಲೂ ಒಬ್ಬರು ಇರುತ್ತಾರೆ. ಅವರು ರಜೆ ಹಾಕಿದ ದಿನ ನಾವು ಹೋಗಬಾರದು, ಅಷ್ಟೇ.

ಜುಲೈ 1 ಕ್ಕೆ ಕೊಟ್ಟೆ. ಹದಿನೇಳು ದಿನಕ್ಕೆ ಮೊಬೈಲ್ ಟಿಂಗ್ ಅಂತು. 15,120. ಜೋರು ಮಳೆಯ ವಾರ, ಕರೆಂಟಿಲ್ಲ, ಮೊಬೈಲಿನಲ್ಲಿ ಶೇಕಡಾ ಆರು ಚಾರ್ಜ್. ಮೆಸೇಜನ್ನು ಎರಡು ಸಲ ಓದಿ ಸ್ವಿಚ್ ಆಫ್ ಮಾಡಿದೆ. ಸರಿಯಾಗಿ ಕೊಟ್ಟ ಮೇಲೆ ಹದಿನೇಳು ದಿನ ಅಂದರೆ ಬೇಗನೇ, ಅದಕ್ಕೆ ಮೆಚ್ಚಬೇಕು. ಕೆಲಸ ಹೋಗಿ ನೂರಾ ಹತ್ತು ದಿನ ಆಗಿತ್ತು ಅನ್ನೋದು ಬೇರೆ ಮಾತು. ಮಗನ ಕಾಲೇಜು ಫೀಸು ಜೂನಿನಲ್ಲೇ ಕಟ್ಟಬೇಕಿತ್ತು, ಅದಕ್ಕೆ ಸ್ವಸಹಾಯ ಸಂಘದಲ್ಲಿ ಸಾಲ ಮಾಡಿದ್ದೆ. ಈ ದುಡ್ಡು ಆ ಸಾಲಕ್ಕೇ ಹೋಯಿತು. ದುಡ್ಡು ಕೊಡುವ ಅವಧಿಯಲ್ಲಿ ಇ.ಎಸ್.ಐ. ಔಷಧಿಯೂ ಮುಂದುವರಿಯುತ್ತದೆ. ನಮ್ಮತ್ತೆಯ ಬಿ.ಪಿ. ಮಾತ್ರೆಗೆ ಅದು ಆಯಿತು. ಅವರು ಸರ್ಕಾರವನ್ನು ಬೈಯೋದು ನಿಲ್ಲಿಸಿದ್ದು ಅವತ್ತೇ.

ನಮ್ಮಣ್ಣನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಗೌರಿ ಹಬ್ಬಕ್ಕೆ ಬಂದವನು, 'ಅತ್ತೆ, ಅಮೆರಿಕದಲ್ಲಿ ಹೊರಗಿನ ಮಾಲಿನಿಂದ ಕೆಲಸ ಹೋದವರಿಗೇ ಅಂತ ಬೇರೆ ಯೋಜನೆ ಇತ್ತು ಗೊತ್ತಾ?' ಅಂದ. ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್ ಅಂತ ಅದರ ಹೆಸರು. 1962 ರಲ್ಲಿ ಕೆನಡಿ ಕಾಲದಲ್ಲಿ ಶುರುವಾಗಿದ್ದು. ಒಂದು ಫ್ಯಾಕ್ಟರಿಯ ಮೂರು ಜನ ಕೆಲಸಗಾರರು ಸೇರಿ ಅರ್ಜಿ ಹಾಕಿದರೂ ಸಾಕು, ಹೊರಗಿನ ಮಾಲಿನಿಂದಲೇ ಕೆಲಸ ಹೋಯಿತಾ ಅಂತ ಸರ್ಕಾರವೇ ವಿಚಾರಣೆ ಮಾಡುತ್ತಿತ್ತಂತೆ. ಹೌದು ಅಂತಾದರೆ ಹೊಸ ಕೆಲಸ ಕಲಿಸುತ್ತಿದ್ದರು, ಕಲಿಯುವಷ್ಟು ದಿನ ವಾರವಾರ ದುಡ್ಡು. ಐವತ್ತು ದಾಟಿದವರು ಕಡಿಮೆ ಸಂಬಳದ ಕೆಲಸಕ್ಕೆ ಸೇರಿದರೆ, ಹಳೆಯ ಸಂಬಳಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದ ಅರ್ಧವನ್ನು ಎರಡು ವರ್ಷದಲ್ಲಿ 10,000 ಡಾಲರ್‌ವರೆಗೆ ಕೊಡುತ್ತಿದ್ದರು. ಕೇಳಿದಾಗ ನನಗೆ ಎದುರು ಬೆಂಚಿನ ಅಕ್ಕ ನೆನಪಾದರು. ಅವರಿಗೆ ಐವತ್ತೆರಡು. ಮೆಣಸಿನ ಕೆಲಸಕ್ಕೆ ಹೋದವರು, ದಿನಕ್ಕೆ ಮೂವತ್ತು ರೂಪಾಯಿ ಕಡಿಮೆ.

'ಹಾಗಾದರೆ ಅಲ್ಲಿ ಚೆನ್ನಾಗಿದೆಯಲ್ಲೋ' ಅಂದೆ. 'ಎಲ್ಲಿ ಚೆನ್ನಾಗಿದೆ ಅತ್ತೆ, ಮೊದಲ ಏಳು ವರ್ಷ ಒಂದು ಅರ್ಜಿಯನ್ನೂ ಒಪ್ಪಿರಲಿಲ್ಲ. ಈಗ 2022 ರ ಜುಲೈಯಿಂದ ಹೊಸ ಅರ್ಜಿ ಒಪ್ಪೋದನ್ನೂ ನಿಲ್ಲಿಸಿದ್ದಾರೆ' ಅಂದ. ಅಂದರೆ ಅದೂ ನಮ್ಮ ಶೆಡ್ಡಿನ ಹಾಗೇ ಆಯಿತು. ನಮ್ಮಲ್ಲಿ ಕೆಲಸ ಯಾಕೆ ಹೋಯಿತು ಅಂತ ಯಾರೂ ಕೇಳೋದೇ ಇಲ್ಲ. ಒಂದು ರೀತಿಯಲ್ಲಿ ಅದೇ ಸುಲಭ, ಚೀನಾದ ಕೊಡೆಯಿಂದಲೇ ಹೋಯಿತು ಅಂತ ನಾನು ಯಾವ ಕಾಗದ ತೋರಿಸಿ ಸಾಬೀತು ಮಾಡಲಿ? ಆದರೆ ಹೊಸ ಕೆಲಸ ಕಲಿಸುವ ಭಾಗ ಮಾತ್ರ ನಮ್ಮ ಮೂರು ತಿಂಗಳ ದುಡ್ಡಿನ ಜೊತೆ ಇರಬೇಕಿತ್ತು. ಒಂದು ಮಾರ್ಕು ಅದಕ್ಕೇ ಕತ್ತರಿಸಿದ್ದೇನೆ. ಇನ್ನೊಂದು ಮಾರ್ಕು ಹೋಗಿದ್ದು 76 ದಿನದ ಅಕ್ಕನಿಗೆ.

ಬೇರೆ ದುಡ್ಡುಗಳ ಬಗ್ಗೆ ಎರಡು ಮಾತು. ಪಿ.ಎಫ್. ಅದರ ಪಾಡಿಗೆ ಬಂತು. ಗ್ರಾಚ್ಯುಟಿಯಲ್ಲಿ ಹುಷಾರಾಗಿರಿ. ನನಗೆ ಆರು ವರ್ಷ ಒಂಬತ್ತು ತಿಂಗಳು ಸರ್ವಿಸ್. ಆರು ವರ್ಷಕ್ಕೆ ಲೆಕ್ಕ ಹಾಕಿ 43,200 ಅಂದಿದ್ದರು. ಆರು ತಿಂಗಳು ದಾಟಿದ ತುಂಡನ್ನು ಪೂರ್ತಿ ವರ್ಷ ಅಂತ ಹಿಡಿಯಬೇಕು. ಏಳು ವರ್ಷಕ್ಕೆ 50,400. ಹೋಗಿ ಹೇಳಿದೆ, ಜಗಳ ಇಲ್ಲದೆ ಕೊಟ್ಟರು, ಎರಡು ಕಂತಿನಲ್ಲಿ. ಕೇಳದೇ ಇದ್ದವರಿಗೆ 7,200 ಹೋಯಿತು.

ಕೊನೆಗೆ ನನ್ನನ್ನು ನಿಲ್ಲಿಸಿದ್ದು ಬೇರೆಯೇ ಯೋಜನೆ. ಪಿ.ಎಂ. ವಿಶ್ವಕರ್ಮದಲ್ಲಿ ಟೈಲರ್ ಕೆಲಸವೂ ಇದೆ. ಅದು ಫ್ಯಾಕ್ಟರಿಯವರಿಗಲ್ಲ, ಸ್ವಂತ ಕಸುಬು ಮಾಡುವವರಿಗೆ. ಮೂರು ತಿಂಗಳ ದುಡ್ಡಿನ ಲೆಕ್ಕ ಮುಗಿದ ಮೇಲೆ ಮನೆಯಲ್ಲೇ ಬ್ಲೌಸ್ ಹೊಲಿಯೋಕೆ ಶುರುಮಾಡಿದ್ದೆ, ಪಂಚಾಯಿತಿಯವರು ಬಂದು ನೋಡಿ ಒಪ್ಪಿದರು. ತರಬೇತಿಯಲ್ಲಿ ದಿನಕ್ಕೆ 500 ಕೊಟ್ಟರು. ಕಲಿತರೆ 500, ಕೂತರೆ 168! ಸಾಮಾನಿಗೆ 15,000 ದ ವೋಚರ್ ಬಂತು. ಅದರ ವಿಮರ್ಶೆ ಇನ್ನೊಂದು ದಿನ ಬರೆಯುತ್ತೇನೆ, ಅದಕ್ಕೆ ಮಾರ್ಕ್ಸ್ ಜಾಸ್ತಿ ಇದೆ.

ನಿಮ್ಮ ಫ್ಯಾಕ್ಟರಿಯಲ್ಲಿ ಶನಿವಾರ ಬರಬೇಡಿ ಅನ್ನೋದು ಶುರುವಾಗಿದ್ದರೆ ಇವತ್ತೇ ಕ್ಯಾಲೆಂಡರಿನಲ್ಲಿ ಕೆಲಸದ ದಿನ ಎಣಿಸೋಕೆ ಶುರುಮಾಡಿ. 78 ತುಂಬುವವರೆಗೆ ರಜೆ ಹಾಕಬೇಡಿ. ಸ್ವಂತ ಕಾರಣ ಅನ್ನುವ ಕಾಗದಕ್ಕೆ ಸಹಿ ಬೇಡ. 'ಬಿಡುಗಡೆ' ಅನ್ನುವ ಶಬ್ದಕ್ಕೂ ಒಪ್ಪಬೇಡಿ, ಆ ದಿನವೇ ಲೇಬರ್ ಆಫೀಸಿಗೆ ಹೋಗಿ. ನಾವು ಕಬ್ಬಿನ ಹಾಲು ಕುಡಿಯೋಕೆ ಹೋಗಿದ್ದೆವು.

ಕಳೆದ ವಾರ ಪಕ್ಕದ ಮನೆಯ ಹುಡುಗಿ ಒಂದು ಕೊಡೆ ತಂದಳು. ಹೊರಗಿನದು, ಹೊಸದು, ಗಾಳಿಗೆ ಒಂದು ಮೂಲೆ ಕಡ್ಡಿಯಿಂದ ಕಿತ್ತು ಬಂದಿತ್ತು. ಬಿಚ್ಚಿ ನೋಡಿದರೆ ತುದಿಗೆ ಒಂದೇ ಸುತ್ತು ದಾರ. ಎಂಟೂ ತುದಿಗಳನ್ನು ಬಿಚ್ಚಿ ಮೂರು ಮೂರು ಸುತ್ತು ಹಾಕಿಕೊಟ್ಟೆ. ಇಪ್ಪತ್ತು ರೂಪಾಯಿ ಇಸ್ಕೊಂಡೆ.